ಒಂದು ಡಬ್ಬಿ ಚಳಿಗಾಲ

೧೯೭೯ರ ಬೇಸಿಗೆಯಲ್ಲಿ ನಮ್ಮ ದೊಡ್ಡಪ್ಪ ತಿಪಟೂರಿನ ಐಸ್ ಕ್ಯಾಂಡಿ ಕಾರ್ಖಾನೆಯೊಂದರಲ್ಲಿ ಒಂದು ಡಬ್ಬಿ ಬೀಜಕ್ಕೆ ಚಳಿಗಾಲ ಮಾಡಿಸಿದರು.

ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಡಬ್ಬಿಯನ್ನು ನಾನೇ ನೋಡಿದ್ದೇನೆ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಒಳಗೆ ಒದ್ದೆ ಮರಳು, ಮರಳಿನೊಳಗೆ ಬೀಜ. ಹೊರಗೆ ಕಾಗೆಗಳೂ ನೆರಳು ಹುಡುಕುವಂಥ ಬಿಸಿಲು. "ಏನ್ ಯಜಮಾನ್ರೇ ಇದು?" ಎಂದು ಕೇಳಿದವರಿಗೆಲ್ಲ ಅವರು ಡಬ್ಬಿಯ ಮುಚ್ಚಳ ತಟ್ಟಿ ಹೇಳುತ್ತಿದ್ದುದು ಒಂದೇ ಮಾತು: "ಪುಷ್ಯ ಮಾಸ ಕಣಯ್ಯ. ಇದರೊಳಗೆ ಈಗ ಪುಷ್ಯ ಮಾಸ ನಡೀತಾ ಐತೆ."

ಇಷ್ಟಕ್ಕೇ ಅವರನ್ನು ಹುಚ್ಚರೆಂದುಕೊಳ್ಳಬೇಡಿ. ಆ ಕೆಲಸವನ್ನು ಊರು ಆಗಲೇ ಮುಗಿಸಿತ್ತು!

ಬೀಜದ ವಿಷಯಕ್ಕೆ ಮುಂಚೆ ಅವರ ಕಿವಿಯ ವಿಷಯ ಹೇಳಬೇಕು. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ಹತ್ತಿರ ಹತ್ತಿರ ಒಂದು ವರ್ಷ ಅದು ಅಲ್ಲೇ ಮಲಗಿರುತ್ತದೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎಂದಾಗ ಅದನ್ನು ಗಿಟುಕು ಎನ್ನುತ್ತಾರೆ, ಆಗ ಕೆಳಗಿಳಿಸುತ್ತಾರೆ. ಕಿವಿಯ ಪಕ್ಕ ಕಾಯಿ ಅಲ್ಲಾಡಿಸಿ "ನೀರೈತೆ, ಇನ್ನೂ ಎರಡು ತಿಂಗಳು ಇರಲಿ" ಎನ್ನುವುದು ಇಲ್ಲಿ ಎಲ್ಲರಿಗೂ ಬರುವ ವಿದ್ಯೆ. ದೊಡ್ಡಪ್ಪನ ವಿಶೇಷವೇನೆಂದರೆ, ಅವರು ಅದನ್ನು ಕಾಯಿಗೆ ಮಾತ್ರ ಸೀಮಿತಗೊಳಿಸಲಿಲ್ಲ. ಗೋಡೆ ಗಡಿಯಾರ, ಹಾಲಿನ ಕ್ಯಾನು, ಗಬ್ಬದ ಎಮ್ಮೆ, ಯಾವುದಕ್ಕೂ ಕಿವಿ ಇಡದೆ ಬಿಡುತ್ತಿರಲಿಲ್ಲ. ಒಮ್ಮೆ ಹುಳಿಯಾರಿನ ಬಸ್ಸು ಹೊರಡುವ ಮುಂಚೆ ಬಾನೆಟ್ಟಿಗೆ ಕಿವಿ ಕೊಟ್ಟು, "ಇದು ಹುಳಿಯಾರು ಮುಟ್ಟಲ್ಲ" ಎಂದರು. ಬಸ್ಸು ಹಂದನಕೆರೆ ದಾಟುವ ಮುಂಚೆಯೇ ನಿಂತಿತು. ಇಳಿದು ಬಿಸಿಲಲ್ಲಿ ನಡೆದವರ ಪೈಕಿ ದೊಡ್ಡಪ್ಪನೂ ಒಬ್ಬರು.

"ಗೊತ್ತಿದ್ದೂ ಯಾಕೆ ಹತ್ತಿದ್ರಿ?" ಎಂದು ಕೇಳಿದೆ.

"ಟಿಕೀಟು ತಗಂಡಾಗಿತ್ತಲ್ಲಪ್ಪ!"

ದೊಡ್ಡಮ್ಮನ ಎದೆಗೂ ಅವರು ಕಿವಿ ಇಟ್ಟಿದ್ದು ಇಂಥದೇ ಚೇಷ್ಟೆಯಲ್ಲಿ. ಇದನ್ನು ನನಗೆ ಹೇಳಿದ್ದು ದೊಡ್ಡಮ್ಮ. ಕಿವಿ ಇಟ್ಟವರು ತೆಗೆಯಲೇ ಇಲ್ಲವಂತೆ. ಬಹಳ ಹೊತ್ತಾದ ಮೇಲೆ, "ಏನೋ ಸೀಟಿ ಹೊಡ್ದಂಗೆ ಕೇಳ್ತದೆ ಕಣೇ" ಎಂದರಂತೆ.

"ನಿಮ್ಮನ್ನ ಕಟ್ಕಂಡ ಮೇಲೆ ಸೀಟಿ ಅಲ್ದೆ ವೀಣೆ ಬಾರಿಸ್ತದಾ?" ಎಂದು ದೊಡ್ಡಮ್ಮ ಕೇಳಿದರಂತೆ. "ಏನ್ರೀ, ನನ್ನೂ ಅಟ್ಟದಿಂದ ಇಳಿಸ್ತೀರಾ?"

"ನಿಂಗಿನ್ನೂ ನೀರೈತೆ ಬುಡು. ನೀರಿರೋ ಕಾಯಿ ಯಾರೂ ಇಳಿಸಲ್ಲ."

ಬೆಂಗಳೂರಿನ ಮಿಷನ್ ಆಸ್ಪತ್ರೆಯ ಡಾಕ್ಟರು ಹೇಳಿದ್ದೂ ಆ ಸೀಟಿಯನ್ನೇ, ಬೇರೆ ಮಾತಿನಲ್ಲಿ. ಚಿಕ್ಕಂದಿನಲ್ಲಿ ಬಂದಿದ್ದ ಕೀಲು ಜ್ವರ ಹೃದಯದ ಕವಾಟವನ್ನು ಕೆಡಿಸಿತ್ತು. ಮಕ್ಕಳಾಗುವುದು ಬೇಡ ಎಂದರು. ಮಾತ್ರೆ ಬರೆದರು. ಆಪರೇಷನ್ ಇದೆ, ಆದರೆ ಖಾತರಿ ಹೇಳಲಾರೆವು ಎಂದರು. ದೊಡ್ಡಮ್ಮ ಆ ಮಾತನ್ನು ಅಲ್ಲಿಗೇ ತುಂಡು ಮಾಡಿದರು: "ಒಡೆದು ನೋಡೋಕೆ ನಾನೇನು ತೆಂಗಿನಕಾಯಾ?"

ಬೀಜದ ಮರದ ಪ್ರವೇಶವಾದದ್ದು ಆ ಆಸ್ಪತ್ರೆಯಲ್ಲೇ. ಅಲ್ಲಿ ಐರ್ಲೆಂಡ್ ಕಡೆಯ ಒಬ್ಬ ವಯಸ್ಸಾದ ನರ್ಸ್ ಇದ್ದರು. ಕನ್ನಡ ಕಲಿತಿದ್ದರು, ಕ್ರಿಯಾಪದ ಮಾತ್ರ ಒಂದೊಂದು ಸಲ ಕೈಕೊಡುತ್ತಿತ್ತು. ದೊಡ್ಡಮ್ಮನ ಕಾಲು ಒತ್ತಿ ನೋಡುತ್ತಾ, ತಮ್ಮೂರಿನಲ್ಲಿ ಹಾಥಾರ್ನ್ ಎಂಬ ಮುಳ್ಳಿನ ಮರವಿದೆ, ಅದರ ಕೆಂಪು ಹಣ್ಣಿನ ಕಷಾಯವನ್ನು ಹಳಬರು ಎದೆಗೆ ಒಳ್ಳೆಯದೆಂದು ಕುಡಿಯುತ್ತಾರೆ ಎಂದರು. "ಅದು ಅಜ್ಜಿ ಔಷಧ. ನೀವು ಮಾತ್ರೆ ಬಿಡಬಾರದು" ಎಂದೂ ಹೇಳಿದರು. ದೊಡ್ಡಪ್ಪನಿಗೆ ಎರಡನೆಯ ವಾಕ್ಯ ಕೇಳಿಸಿತೋ ಇಲ್ಲವೋ ಹೇಳಲಾರೆ. ಬಸ್ಸಿನ ರೋಗ ಕೇಳಿಸುವ ಕಿವಿ ಕೆಲವೊಮ್ಮೆ ಮನುಷ್ಯರ ಮಾತಿಗೆ ಮಂದವಾಗುತ್ತದೆ!

"ಎಂಥಾ ಮರ ತಾಯಿ? ತೆಂಗಿನ ನೆರಳು ತಡೀತದಾ?"

ಬಿಸಿಲು ಬೇಕು, ಆದರೆ ಎಂಥ ಮಣ್ಣಾದರೂ ನಡೆಯುತ್ತದೆ ಎಂದರು ನರ್ಸ್. ತಮ್ಮೂರಲ್ಲಿ ಹೊಲಕ್ಕೆ ಬೇಲಿಯೇ ಅದಂತೆ. ದನ ನುಗ್ಗುವುದಿಲ್ಲ. ಕಟ್ಟಿಗೆ ಬಲು ಗಟ್ಟಿ, ಉಪಕರಣಗಳಿಗೆ ಹಿಡಿ ಮಾಡುತ್ತಾರೆ. ಎಲೆ ಕೈಬೆರಳಿನ ಹಾಗೆ ಅಂಚಿನಲ್ಲಿ ಸೀಳಿರುತ್ತದೆ. ವಸಂತದಲ್ಲಿ ಮರವೆಲ್ಲ ಬಿಳಿ ಹೂವು.

"ನೀರು ದಿನಾ ಹಾಕ್ಬೇಕಾ?"

"ನಮ್ಮ ಊರಲ್ಲಿ ಯಾರೂ ನೀರು ಹಾಕುವುದಿಲ್ಲ. ಮಳೆ ನಿಲ್ಲುವುದೇ ಇಲ್ಲ."

"ಫಸಲು ಯಾವಾಗ?"

"ಕಷ್ಟ ಅಲ್ಲೇ ಇದೆ" ಎಂದರು ನರ್ಸ್. ಬೀಜದ ಚಿಪ್ಪು ಕಲ್ಲಿನಂಥದು. ಒಂದು ಬೇಸಿಗೆ ಮಲಗಬೇಕು, ಆಮೇಲೆ ಹಿಮ ಬೀಳುವ ಚಳಿಯಲ್ಲಿ ಮಲಗಬೇಕು. ಚಳಿ ತಿನ್ನದ ಬೀಜ ಮೊಳೆಯುವುದೇ ಇಲ್ಲ. ಇದನ್ನೆಲ್ಲ ಹೇಳಿ, ಊರಿನಿಂದ ಅವರಿಗೆ ಬಂದಿದ್ದ ಒಣಹಣ್ಣನ್ನು ಒಂದು ಹಿಡಿ, ದೊಡ್ಡಮ್ಮನ ಧೈರ್ಯಕ್ಕೆಂದು, ಕಾಗದದಲ್ಲಿ ಕಟ್ಟಿಕೊಟ್ಟರು.

ಅರ್ಧ ಕಷಾಯವಾಯಿತು. ದೊಡ್ಡಮ್ಮ ಕುಡಿದು ಮುಖ ಹಿಂಡಿ "ಗುಣ ಐತೆ" ಎಂದರು. ಉಳಿದರ್ಧಕ್ಕೆ ದೊಡ್ಡಪ್ಪ, ಬೀಜಕ್ಕಿರಲಿ ಎಂದು, ಕೈ ಅಡ್ಡ ಇಟ್ಟರು. ಮರವೇ ಇದ್ದರೆ ಹಣ್ಣಿಗಾಗಿ ಯಾರ ಮುಂದೆ ಕೈ ಒಡ್ಡಬೇಕು? ತೆಂಗು ನೆಟ್ಟ ಮನುಷ್ಯನಿಗೆ ಇದಕ್ಕಿಂತ ಸರಳವಾದ ಲೆಕ್ಕ ಇರಲಿಲ್ಲ. ಹೆಸರೂ ಆಗಲೇ ಇಟ್ಟಾಗಿತ್ತು. ನಮ್ಮ ಬೇಲಿಯಲ್ಲಿ ಬೆಳೆಯುವ ಮುಳ್ಳುಗಿಡ ಕಾರೆ. ಅದು ಸೀಮೆಯಿಂದ ಬಂದರೆ ಸೀಮೆಕಾರೆ!

ತೆಂಗಿನಂತೆ ಕಣ್ಣು ನೋಡಿ ನೆಡೋಣವೆಂದರೆ ಬೀಜಕ್ಕೆ ಕಣ್ಣೇ ಇರಲಿಲ್ಲ. ಬೇಸಿಗೆ ಮಲಗಬೇಕು ಎಂದಿದ್ದರಲ್ಲ, ಅದೇನು ನಮಗೆ ಹೊಸತೇ? ಡಬ್ಬಿ ಅಟ್ಟದ ಮೇಲೆ, ಕಾಯಿರಾಶಿಯ ಪಕ್ಕ ಹೋಯಿತು. ಎರಡು ಮೂರು ದಿನಕ್ಕೊಮ್ಮೆ ಹತ್ತಿ, ಒಂದು ಬೀಜ ತೆಗೆದು ಕಿವಿಯ ಪಕ್ಕ ಅಲ್ಲಾಡಿಸುತ್ತಿದ್ದರು. ಕಡಲೆಕಾಳಿಗಿಂತ ಚಿಕ್ಕ ಬೀಜ! ಏನು ಕೇಳಿಸಿತೋ ಶಿವನೇ ಬಲ್ಲ. ಬೇಸಿಗೆ ಬಲಿತ ಮೇಲೆ ಇಳಿಸಿ, "ಈಗ ಚಳಿ ಬೇಕು ಅಂತದೆ" ಎಂದರು.

ಐಸ್ ಕಾರ್ಖಾನೆಯ ಸಾಬರು ಮೊದಲಿಗೆ ಒಪ್ಪಲಿಲ್ಲ. "ಯಜಮಾನ್ರೇ, ಇದು ಕ್ಯಾಂಡಿ ಫ್ಯಾಕ್ಟ್ರಿ, ಬಾಣಂತಿ ಕೋಣೆ ಅಲ್ಲ" ಎಂದರು. ದೊಡ್ಡಪ್ಪ ಬಿಡಲಿಲ್ಲ. ಕ್ಯಾಂಡಿ ಹೆಪ್ಪುಗಟ್ಟಿಸುವ ಉಪ್ಪುನೀರಿನ ತೊಟ್ಟಿಯ ಮಗ್ಗುಲಲ್ಲಿ, ಹೆಪ್ಪುಗಟ್ಟದ ಹಾಗೆ, ಬೆಚ್ಚಗೂ ಆಗದ ಹಾಗೆ, ಡಬ್ಬಿಗೆ ಜಾಗವಾಯಿತು. ಒಂದು ದಿನ ಮುಚ್ಚಳ ಸಡಿಲವಾಗಿ ಬೀಜವೊಂದು ಕ್ಯಾಂಡಿಯ ಅಚ್ಚಿಗೆ ಬಿತ್ತು. ಕ್ಯಾಂಡಿ ಚೀಪುತ್ತಿದ್ದ ಗಿರಾಕಿಯೊಬ್ಬ ಕೆನ್ನೆ ಹಿಡಿದುಕೊಂಡು ಬಂದು, "ಸಾಬ್ರೇ, ಕಲ್ಲು ಹಾಕಿ ಮಾರ್ತೀರಾ?" ಎಂದು ಕೂಗಾಡಿದ. ಅಲ್ಲೇ ನಿಂತಿದ್ದ ದೊಡ್ಡಪ್ಪ ಅವನ ಅಂಗೈಯಿಂದ ಅದನ್ನು ಎತ್ತಿಕೊಂಡು, ಪಂಚೆಯಲ್ಲಿ ಒರೆಸಿ, ಜೇಬಿಗೆ ಹಾಕಿಕೊಂಡರು.

"ಕಲ್ಲಲ್ಲ ಕಣಯ್ಯ, ಬೀಜ. ನುಂಗಿದ್ರೆ ಏನ್ ಮಾಡ್ಬೇಕಾಗಿತ್ತು ನಾನು?"

ಸಾಬರು ಕೈ ಮುಗಿದರು. "ಎತ್ಕಂಡ್ ಹೋಗಿ. ಯಾತಕ್ಕೆ ಬೇಕು ನಿಮಗೆ ಈ ಗಿಡ?"

"ಮನೆಯೋಳ ಎದೆಗೆ."

ಡಬ್ಬಿ ಅಲ್ಲೇ ಉಳಿಯಿತು. ಅಂದಿನಿಂದ ಮುಚ್ಚಳಕ್ಕೆ ಸಾಬರೇ ತಂತಿ ಬಿಗಿದರು.

ಮಳೆಗಾಲಕ್ಕೆ ಬೀಜವನ್ನು ಬಚ್ಚಲ ಹಿಂದಿನ ಮಣ್ಣಿನ ಕುಂಡಕ್ಕೆ ಹಾಕಿದರು. ದಿನಾ ಎದ್ದವರು ಮೊದಲು ನೋಡುತ್ತಿದ್ದುದು ಕುಂಡ. ಮಳೆ ಬಂತು, ಹೋಯಿತು. ಕುಂಡದಲ್ಲಿ ಮಣ್ಣೇ ಇತ್ತು. ದೊಡ್ಡಪ್ಪ ತಮಾಷೆ ನಿಲ್ಲಿಸಿದರು. ಗಡಿಯಾರಕ್ಕೂ ಕಿವಿ ಇಡಲಿಲ್ಲ. ಊಟದ ಮುಂದೆ ಕೂತು, "ಆ ನರ್ಸಮ್ಮ ಸುಳ್ಳು ಹೇಳೋರಲ್ಲ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ದೀಪಾವಳಿಯ ಹೊತ್ತಿಗೆ ಒಂದು ಬೆಳಗ್ಗೆ ಕುಂಡದಲ್ಲಿ ಗಿಡ ಇತ್ತು. ಮೊಳಕೆಯಲ್ಲ, ಗಿಡ! ಗೇಣುದ್ದ, ಜೊತೆಜೊತೆಯಾಗಿ ಎಲೆ, ಎಲೆಯ ಸಂದಿಯಲ್ಲಿ ಮುಳ್ಳು. ಒಂದೇ ರಾತ್ರಿಯಲ್ಲಿ ಗೇಣುದ್ದ ಬೆಳೆಯುವ ಗಿಡ ಪುರಾಣದಲ್ಲಾದರೂ ಇದೆಯೇ? ದೊಡ್ಡಪ್ಪ ಸುತ್ತು ಹಾಕಿ ನೋಡಿ, "ಚಳಿ ತಿಂದು ರೋಷ ಬಂದದೆ" ಎಂದರು. ತೋಟದ ಆಳು ಸಿದ್ಲಿಂಗ ತಲೆ ಕೆರೆದುಕೊಂಡ.

"ಅಯ್ಯಾ, ಇದು ನಮ್ಮ ಕಾರೆ ಇದ್ದಂಗೈತಲ್ಲ?"

"ಸೀಮೆದು ಕಣ್ಲಾ."

"ಎಲೆ ಸೀಳಿರ್ತದೆ ಅಂದಿದ್ರಿ. ಇದು ಸೀಳೇ ಇಲ್ಲ."

"ತೆಂಗಿನ ಸಸಿ ನೋಡಿಲ್ವೇನ್ಲಾ? ಮೊದಮೊದಲು ಅದರ ಎಲೆ ಸೀಳಿರ್ತದಾ? ಬೆಳೀತಾ ಬೆಳೀತಾ ಸೀಳ್ತದೆ."

ಈ ವಾದಕ್ಕೆ ತೆಂಗಿನ ಸೀಮೆಯಲ್ಲಿ ಎದುರು ವಾದ ಇಲ್ಲ. ಗಿಡವನ್ನು ಮನೆ ಹಿಂದೆ ನೆಲಕ್ಕೆ ನೆಟ್ಟು, ಆಡು ಮೇಯದ ಹಾಗೆ ಸುತ್ತ ಮುಳ್ಳು ಕಟ್ಟಿಸಿದರು. ಯಾವ ಮುಳ್ಳು? ಬೇಲಿಯಿಂದ ಕಡಿದು ತಂದ ಕಾರೆ ಮುಳ್ಳು! ಕಟ್ಟಿ ಮುಗಿಸಿದ ಸಿದ್ಲಿಂಗ ಒಳಗಿನ ಗಿಡವನ್ನೂ ಹೊರಗಿನ ಬೇಲಿಯನ್ನೂ ನೋಡಿ, "ತಾಯಿ ಮಗು ಎರಡೂ ಚೆನ್ನಾಗವೆ" ಎಂದು ಕುಡುಗೋಲು ಎತ್ತಿಕೊಂಡು ಹೋದ.

ಅಲ್ಲಿಂದ ಐಸ್ ಶುರುವಾಯಿತು. ಗಿಡಕ್ಕೆ ನಮ್ಮ ಸೆಕೆ ಅಭ್ಯಾಸವಿಲ್ಲ, ಬೇರು ತಣ್ಣಗಿರಬೇಕು ಎಂದು ದೊಡ್ಡಪ್ಪ ಸಾಬರ ಹತ್ತಿರ ಐಸ್ ಗಡ್ಡೆ ತೆಗೆದುಕೊಂಡು, ಹೊಟ್ಟು ಸುತ್ತಿ, ಗೋಣಿಯಲ್ಲಿ ಕಟ್ಟಿ, ಸೈಕಲ್ ಕ್ಯಾರಿಯರ್ ಮೇಲೆ ತುರುವೇಕೆರೆ ರಸ್ತೆಯ ತೋಟದ ಮನೆಗೆ ತರುತ್ತಿದ್ದರು. ಅರ್ಧ ದಾರಿಗೇ ನೀರಾಗುತ್ತಿತ್ತು. ದಾರಿಯುದ್ದಕ್ಕೂ ಒದ್ದೆ ಗೆರೆ. "ಏನ್ ಗೌಡ್ರೇ, ಗಿಡಕ್ಕೆ ನೆಗಡಿ ಆಗಿಲ್ವಾ?" ಎಂದು ಹೋಟೆಲಿನ ಜಗಲಿಯಿಂದ ಕೂಗುತ್ತಿದ್ದರು. "ಆಗೈತೆ. ಮೂಗು ಒರೆಸಕ್ಕೆ ನೀನೇ ಬಾ" ಎನ್ನುತ್ತಾ ಇವರು ಪೆಡಲು ತುಳಿಯುತ್ತಿದ್ದರು.

ಮೊದಮೊದಲು ತಿಂಗಳಿಗೊಂದು ಸಲ ಬರುತ್ತಿದ್ದ ಐಸ್, ೧೯೮೨ರ ಸುಮಾರಿಗೆ ದಿನ ಬಿಟ್ಟು ದಿನ ಬರತೊಡಗಿತು. ಅದೇ ವರ್ಷ ದೊಡ್ಡಮ್ಮನ ಕಾಲು ಊದಿಕೊಂಡಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು; ದಿಂಬು ಒರಗಿಸಿ ಕೂತೇ ನಿದ್ದೆ. ಮೈಯಲ್ಲಿ ನೀರು ನಿಲ್ಲುತ್ತಿದೆ, ಉಪ್ಪು ಬಿಡಿ, ನೀರನ್ನು ಅಳೆದು ಕುಡಿಯಿರಿ ಎಂದರು ಡಾಕ್ಟರು. ಎಳನೀರೂ ಕೂಡದು. ಕಿಟಕಿಯ ಆಚೆ ತೋಟದ ತುಂಬ ಎಳನೀರು ತೂಗುತ್ತಿತ್ತು. ಒಳಗೆ ದೊಡ್ಡಮ್ಮ ಒಣಗಿದ ತುಟಿ ಸವರಿಕೊಂಡು ಕೂತಿರುತ್ತಿದ್ದರು.

ಗೋಣಿ ಬಿಚ್ಚಿದ ಕೂಡಲೇ ದೊಡ್ಡಪ್ಪ ಗಡ್ಡೆಯ ಮೂಲೆಯಿಂದ ಒಂದು ಚೂರು ಚಚ್ಚಿ, ತೊಳೆದು, ಅವರ ನಾಲಿಗೆಯ ಮೇಲೆ ಇಡುತ್ತಿದ್ದರು. ಉಳಿದದ್ದನ್ನು ಬುಡಕ್ಕೆ ಹಾಕುತ್ತಿದ್ದರು. "ಗಿಡದ ಪಾಲು ಕಸ್ಕಂತಾ ಇದೀನಿ" ಎಂದು ಹೇಳಿ ದೊಡ್ಡಮ್ಮ ಕಣ್ಣು ಮುಚ್ಚಿ ಆ ಚೂರು ಕರಗುವ ತನಕ ಚೀಪುತ್ತಿದ್ದರು. ಒಂದು ಚೂರಿಗೆ ಮಧ್ಯಾಹ್ನದ ದಾಹ ನಿಲ್ಲುತ್ತಿತ್ತಂತೆ. ಹೀರುವ ನೀರು ಒಂದೆರಡು ಚಮಚ.

ನಾನು ನೋಡಲು ಹೋಗಿದ್ದ ಒಂದು ದಿನ ದೊಡ್ಡಪ್ಪ ಐಸ್ ತರಲು ಹೋಗಿದ್ದರು. ಗಿಡ ನನ್ನ ಸೊಂಟದವರೆಗೆ ಬಂದಿತ್ತು. ಎಲೆ ಸೀಳಿರಲಿಲ್ಲ. ದೊಡ್ಡಮ್ಮ ನನ್ನ ಮುಖ ನೋಡಿ ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು.

"ಕುಂಡ ಬಗೆದು ನೋಡಿದೆ ಕಣಪ್ಪ. ಬೀಜ ಎಲ್ಲಾ ಕೊಳೆತು ಮಣ್ಣಾಗಿತ್ತು. ಇವರು ಊಟ ಬಿಟ್ಟಂಗೆ ಕೂತಿದ್ರಲ್ಲ, ನೋಡಕ್ಕಾಗ್ಲಿಲ್ಲ. ಬೇಲಿ ಹತ್ರ ಹೋಗಿ ಒಂದು ಕಾರೆ ಸಸಿ ಕಿತ್ತು ನೆಟ್ಟೆ. ಆ ಇಪ್ಪತ್ತು ಹೆಜ್ಜೆಗೇ ಏದುಸಿರು ಬಂತು, ನೋಡು."

"ಮತ್ತೆ ಈ ಐಸು?"

"ಕಾರೆಗೆ ಐಸ್ ಹಾಕೋ ಗಂಡ ಈ ತಾಲ್ಲೂಕಲ್ಲಿ ನನಗೊಬ್ಬಳಿಗೇ ಸಿಕ್ಕಿರೋದು. ಅವರ ಮುಂದೆ ಬಾಯಿ ಬಿಟ್ಟೀಯಾ, ಜೋಕೆ. ನಾನಿರೋ ತನಕ ಅದು ಸೀಮೆಕಾರೆನೇ."

ನಾನು ಬಾಯಿ ಬಿಡಲಿಲ್ಲ.

೧೯೮೪ರ ಶಿವರಾತ್ರಿಗೆ ಸ್ವಲ್ಪ ಮುಂಚೆ ದೊಡ್ಡಮ್ಮ ತೀರಿಕೊಂಡರು. ಮಧ್ಯಾಹ್ನದ ಹೊತ್ತು, ದಿಂಬಿಗೆ ಒರಗಿದ್ದಲ್ಲೇ. ದೊಡ್ಡಪ್ಪ ಅವರ ಎದೆಗೆ ಕಿವಿ ಇಟ್ಟುಕೊಂಡು ಕೂತಿದ್ದರು. ಡಾಕ್ಟರು ಬಂದು ಕೈ ಹಿಡಿದು ಎಬ್ಬಿಸಿದ ಮೇಲೆ ಎದ್ದರು.

ಆ ವರ್ಷ ಮಳೆ ಮುಗಿದ ಮೇಲೆ ಗಿಡ ಮೊದಲ ಸಲ ಹಣ್ಣು ಬಿಟ್ಟಿತು. ನಾನು ಹೋದಾಗ ದೊಡ್ಡಪ್ಪ ಮುಳ್ಳಿನ ನಡುವೆ ಕೈ ಹಾಕಿ ಬಿಡಿಸುತ್ತಿದ್ದರು. ಅರಿಶಿನ ಬಣ್ಣದ ಹಣ್ಣು. ಬೇಲಿ ಸಾಲಿನಲ್ಲಿ ನಾವೆಲ್ಲ ತಿಂದು ಬೆಳೆದದ್ದು. ನಾಲ್ಕು ಹಣ್ಣು ನನ್ನ ಅಂಗೈಗೆ ಹಾಕಿದರು.

"ತಿನ್ನು. ಕಾರೆಹಣ್ಣು ತಿಂದು ಎಷ್ಟು ಕಾಲ ಆಯ್ತೋ."

ನಾನು ಕೇಳಿದೆ: "ಯಾವಾಗ ಗೊತ್ತಾಯ್ತು ದೊಡ್ಡಪ್ಪ?"

"ಗಿಡ ಬಂದ ದಿನಾನೇ. ಕಾಫಿ ಕೊಡಕ್ಕೆ ಬಂದ್ಲು. ಮುಂಗೈ ತುಂಬ ಮುಳ್ಳು ಗೀರಿತ್ತು."

"ಮತ್ತೆ ಅಷ್ಟು ವರ್ಷ ಐಸ್ ತಂದ್ರಲ್ಲ?"

ಅವರು ಇನ್ನೊಂದು ಹಣ್ಣು ಬಿಡಿಸಿದರು.

"ಮೊದಮೊದಲು ಅವಳ ಆಟ ಕೆಡಬಾರದು ಅಂತ. ಆಮೇಲೆ ಅವಳಿಗೆ ದಾಹ ಕಣಪ್ಪ. ನಿನಗೇ ಅಂತ ತತ್ತೀನಿ ಅಂದಿದ್ರೆ, ಆ ಬಿಸಿಲಲ್ಲಿ ಸೈಕಲ್ ತುಳಿಯಕ್ಕೆ ಬಿಡ್ತಿದ್ಲಾ ಅವಳು? ಗಿಡಕ್ಕೆ ಅಂದ್ರೆ ಸುಮ್ನಿರ್ತಿದ್ಲು."

ದೊಡ್ಡಮ್ಮ ತೀರಿಕೊಂಡ ದಿನದಿಂದ ಆ ತೋಟಕ್ಕೆ ಐಸ್ ಬಂದಿಲ್ಲ. ಗಿಡ ಈಗ ಆಳೆತ್ತರ ಇದೆ.