ಮೂಟೆ ಮೇಷ್ಟ್ರ ಹತ್ತು ಕಿಲೋ

ಎಲ್ಲದಕ್ಕೂ ಕಾರಣ ಕಾಗದದ ಕೊನೆಯಲ್ಲಿದ್ದ ನಾಲ್ಕು ಸಾಲು. "ವಿಮಾನ ಬಹಳ ಚಿಕ್ಕದು. ತಲೆಗೆ ಒಂದೇ ಚೀಲ, ಹತ್ತೇ ಕಿಲೋ. ಹೊರಡುವ ದಿನ ಬೆಳಿಗ್ಗೆ ಹತ್ತರೊಳಗೆ ಚೀಲದ ತೂಕ, ನಿಮ್ಮ ತೂಕ ಎರಡನ್ನೂ ಫೋನಿನಲ್ಲಿ ತಿಳಿಸಬೇಕು. ಆಮೇಲೆ ಬದಲಾವಣೆ ಇಲ್ಲ."

ಬೇರೆ ಯಾರಿಗಾದರೂ ಈ ಕಾಗದ ಬಂದಿದ್ದರೆ ಚಿಂತೆಯಿರಲಿಲ್ಲ. ಬಂದದ್ದು ಮೂಟೆ ಮೇಷ್ಟ್ರಿಗೆ. ಒಂದು ದಿನದ ಪ್ರಯಾಣಕ್ಕೂ ಇಸ್ತ್ರಿಪೆಟ್ಟಿಗೆ, ದಿಂಬು, ಸುತ್ತಿಗೆ ಹೊತ್ತು ಹೋಗುತ್ತಾರೆಂದು ಶಾಲೆಯವರು ಇಟ್ಟ ಹೆಸರು ಅದು. "ಸುತ್ತಿಗೆ ಯಾಕೆ ಸಾರ್?" ಎಂದರೆ, "ಮೊಳೆ ಸಡಿಲ ಇದ್ರೆ?" ಎನ್ನುತ್ತಿದ್ದರು. ಭೂಗೋಳದ ಮೇಷ್ಟ್ರು. ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ದ್ವೀಪ ಬರೆದು ಅಳಿಸಿದ್ದರೇ ಹೊರತು ಒಂದು ದ್ವೀಪವನ್ನೂ ಕಂಡವರಲ್ಲ. ಈಗ ಪರದೇಶದ ದ್ವೀಪವೊಂದರ ಶಾಲೆ ಒಂದು ವರ್ಷ ಪಾಠ ಮಾಡಲು ಕರೆದಿತ್ತು. ವಾರಕ್ಕೊಂದೇ ವಿಮಾನ. ಇವತ್ತು ತಪ್ಪಿದರೆ ಆ ಜಾಗ ತಮ್ಮದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ. ಆತ ನಿನ್ನೆಯೇ ಬಂದು, "ಅವಸರ ಮಾಡ್ಬೇಡಿ ಸಾರ್, ನಿಧಾನವಾಗಿ ಕಟ್ಟಿ" ಎಂದು ಅಕ್ಕರೆಯಿಂದ ಹೇಳಿ ಹೋಗಿದ್ದ.

ಹಗುರವಾಗಿ ಕಟ್ಟುವುದನ್ನು ಕಲಿಸಲು ಹೆಂಡತಿಯ ತಮ್ಮ ಬೆಳಿಗ್ಗೆ ಆರಕ್ಕೇ ಹಾಜರಾದ. ಒಮ್ಮೆ ಹನ್ನೊಂದು ದಿನ ಪರದೇಶ ಸುತ್ತಿಬಂದು, ಆ ಹನ್ನೊಂದು ದಿನಗಳ ಕತೆಯನ್ನು ಎಂಟು ವರ್ಷದಿಂದ ಹೇಳುತ್ತಿದ್ದವನು.

"ಭಾವ, ಬಟ್ಟೆ ಮಡಚ್ಬಾರ್ದು, ಸುರುಳಿ ಸುತ್ಬೇಕು. ಬ್ರಷ್ ಪೂರ್ತಿ ಯಾಕೆ? ಹಲ್ಲುಜ್ಜೋದು ತುದೀಲಿ ತಾನೆ?" ಎಂದವನೇ ಗರಗಸ ತಂದು ಹಿಡಿಯನ್ನು ಕತ್ತರಿಸಿಯೇಬಿಟ್ಟ. ಮೇಷ್ಟ್ರು ಸ್ವಂತ ಬೆರಳು ಹೋದವರಂತೆ ಕಣ್ಣುಮುಚ್ಚಿಕೊಂಡರು.

ಅಷ್ಟರಲ್ಲಿ ಕೆಳಮನೆಯ ನರ್ಸಮ್ಮ ಬಂದರು. "ಒಂದು ವರ್ಷ ಅಂದ್ರೆ ಹುಡುಗಾಟವಾ ಮೇಷ್ಟ್ರೇ? ಇದು ಕೆಮ್ಮು ಬಂದ್ರೆ, ಇದು ಬರದೇ ಇದ್ರೆ" ಎನ್ನುತ್ತ ಒಂದು ಕಡೆಯಿಂದ ಸೀಸೆ ತುರುಕಿದರು. ಭಾವಮೈದ ಇನ್ನೊಂದು ಕಡೆಯಿಂದ ತೆಗೆದ. ಚೀಲ ಇಬ್ಬರ ನಡುವೆ ಹೊಟ್ಟೆನೋವಿನ ಮಗುವಿನಂತೆ ಹೊರಳಾಡಿತು.

ಮನೆಯಲ್ಲಿ ತೂಗುವುದಕ್ಕೆ ಏನೂ ಇರಲಿಲ್ಲ. ಒಂಬತ್ತಕ್ಕೆ ಎಲ್ಲರೂ ಮೆರವಣಿಗೆಯಲ್ಲಿ ಬೀದಿ ತುದಿಯ ಗುಜರಿ ಅಂಗಡಿಗೆ ಹೋದರು. ಅಲ್ಲೊಂದು ದೊಡ್ಡ ತೂಕದ ಯಂತ್ರವಿತ್ತು. ಹೋದ ವಾರವಷ್ಟೇ ಮೇಷ್ಟ್ರ ಹೆಂಡತಿ ಮೂರು ವರ್ಷದ ಪೇಪರನ್ನು ಅದರ ಮೇಲಿಟ್ಟು, "ಇಷ್ಟೇನಾ? ನನ್ನ ಸೊಂಟ ಬೇರೇನೋ ಹೇಳ್ತಿದೆಯಲ್ಲ" ಎಂದು ಗೊಣಗಿ ಬಂದಿದ್ದರು.

ಮುಳ್ಳು ಹದಿನೇಳಕ್ಕೆ ನಿಂತಿತು. ಇಸ್ತ್ರಿಪೆಟ್ಟಿಗೆ ಹೋಯಿತು. ದಿಂಬು ಹೋಯಿತು. ಸುತ್ತಿಗೆಯನ್ನು ಮೇಷ್ಟ್ರ ಕೈಯಿಂದ ಬಿಡಿಸಲು ಇಬ್ಬರು ಬೇಕಾದರು. ಕೊನೆಗೆ ತಳದಿಂದ ಹೊರಬಂದದ್ದು, ಕಬ್ಬಿಣದ ಕಾಲಿನ ತಗಡಿನ ಭೂಗೋಳ.

"ಭೂಮಿ ನೋಡೋಕೆ ಹೊರಟೋರು ಭೂಮೀನೇ ಹೊತ್ಕೊಂಡು ಹೋಗ್ತೀರೇನ್ರೀ?" ಎಂದರು ಹೆಂಡತಿ. ಗುಜರಿಯವನೂ ನಕ್ಕ. ಮೇಷ್ಟ್ರು ಅದನ್ನು ತೋಳಿನಿಂದ ಒರೆಸಿ, ಒಂದು ಸುತ್ತು ತಿರುಗಿಸಿ ಹೆಂಡತಿಯ ಕೈಗಿಟ್ಟರು. "ಜೋಪಾನ."

ಮುಳ್ಳು ಹತ್ತಕ್ಕೆ ಇಳಿಯಿತು! ಆ ಖುಷಿಯಲ್ಲೇ ಮೇಷ್ಟ್ರು ತಾವೂ ಹತ್ತಿ ನಿಂತರು. ಅರವತ್ತೆಂಟು.

"ಹೋದ ತಿಂಗಳು ಎಪ್ಪತ್ತೆರಡಿದ್ದೆ!"

"ಚಿಂತೆಗೆ ಇಳಿದಿದ್ದೀರಿ" ಎಂದರು ನರ್ಸಮ್ಮ. ಹತ್ತಕ್ಕೆ ಐದು ನಿಮಿಷವಿದ್ದಾಗ ಫೋನು ಹೋಯಿತು: ಚೀಲ ಹತ್ತು, ತಾವು ಅರವತ್ತೆಂಟು.

ಮಧ್ಯಾಹ್ನ ವಿಮಾನ ನಿಲ್ದಾಣದಲ್ಲಿ ಅದೇ ಚೀಲ ಹದಿನಾಲ್ಕು ಕಿಲೋ ತೂಗಿತು.

"ನಿಮ್ಮ ಯಂತ್ರ ಕೆಟ್ಟಿರ್ಬೇಕಮ್ಮ" ಎಂದ ಭಾವಮೈದ.

"ಇದನ್ನ ನಂಬಿನೇ ಸಾರ್ ನಮ್ಮ ವಿಮಾನ ಹಾರೋದು" ಎಂದಳು ಅಲ್ಲಿದ್ದ ಹುಡುಗಿ.

ಹೆಂಡತಿ ಹಣೆ ಚಚ್ಚಿಕೊಂಡರು. "ಅಯ್ಯೋ! ಗುಜರಿಯವನು ಕೊಳ್ಳೋನು ಕಣ್ರೀ! ಕೊಳ್ಳೋನ ಮುಳ್ಳು ಪೂರ್ತಿ ತೋರಿಸುತ್ತಾ? ನನ್ನ ಪೇಪರ್ ನುಂಗಿದ ಹಾಗೇ ನಿಮ್ಮ ಚೀಲದಲ್ಲೂ ನಾಲ್ಕು ಕಿಲೋ ನುಂಗಿದೆ!"

"ಮೈಮೇಲೆ ಹಾಕ್ಕೊಳ್ಳಿ ಭಾವ" ಎಂದ ಭಾವಮೈದ, "ಮೈಮೇಲಿರೋದನ್ನ ಯಾರು ಕೇಳ್ತಾರೆ?"

ಇದ್ದ ಬಟ್ಟೆಯ ಮೇಲೆ ಮೂರು ಅಂಗಿ, ಎರಡು ಪ್ಯಾಂಟು, ಸ್ವೆಟರು, ಅದರ ಮೇಲೆ ಕೋಟು ಏರಿದವು. ಮೇಷ್ಟ್ರು ನಡೆಯಲು ಕಲಿತ ಹಾಸಿಗೆಯಂತಾದರು. ಚೀಲ ಸರಿಯಾಗಿ ಹತ್ತಕ್ಕೆ ಬಂತು.

"ಸರಿ" ಎಂದಳು ಹುಡುಗಿ. "ಈಗ ತಾವು ಹತ್ತಿ."

"ನಾನಾ?"

"ಅರವತ್ತೆಂಟು ಅಂತ ಹೇಳಿದ್ದೀರಲ್ಲ."

ಮೇಷ್ಟ್ರು ಹತ್ತಿದರು. ಎಪ್ಪತ್ತಾರು. ಬೆಳಿಗ್ಗೆ ಗುಜರಿ ಯಂತ್ರ ನುಂಗಿದ್ದು ನಾಲ್ಕು, ಈಗ ಮೈಗೆ ಏರಿದ್ದು ನಾಲ್ಕು.

"ನೀವು, ಚೀಲ ಸೇರಿ ಎಪ್ಪತ್ತೆಂಟು ದಾಟಬಾರ್ದು. ಚೀಲದಿಂದ ಎಂಟು ಕಿಲೋ ಇಳಿಸಿ. ಇಲ್ಲಾಂದ್ರೆ ಮುಂದಿನ ವಾರ ಬನ್ನಿ."

ಹೊರಗೆ ವಿಮಾನ ಗುರುಗುಟ್ಟತೊಡಗಿತು. ಬೀಳ್ಕೊಡಲೆಂದು ಬಂದಿದ್ದ ಡ್ರಾಯಿಂಗ್ ಮೇಷ್ಟ್ರು, ಯಾಕೋ ತನ್ನದೂ ಒಂದು ಪುಟ್ಟ ಚೀಲ ತಂದಿದ್ದವನು, ಅದರ ಪಟ್ಟಿ ಬಿಗಿ ಮಾಡಿಕೊಂಡ.

ಮೇಷ್ಟ್ರು ಚೀಲವನ್ನು ಅಪ್ಪಿಕೊಂಡರು. "ಯಾವುದನ್ನ ತೆಗೀಲೇ?"

"ನೀವು ಆ ಕಡೆ ತಿರುಗಿ ನಿಲ್ಲಿ" ಎಂದರು ಹೆಂಡತಿ. "ನೋಡ್ತಾ ನಿಂತ್ರೆ ಒಂದನ್ನೂ ಬಿಡಲ್ಲ."

ಮೇಷ್ಟ್ರು ಶಿಕ್ಷೆಗೊಳಗಾದ ಹುಡುಗನಂತೆ ಗೋಡೆಗೆ ಮುಖ ಮಾಡಿದರು. ಹಿಂದೆ ಸರಬರ ಸದ್ದು, ಪೆನ್ನು ಗೀಚಿದ ಸದ್ದು, ಜಿಪ್ಪು ಎಳೆದ ಸದ್ದು. "ಎರಡು ಕಿಲೋ" ಎಂದಳು ಹುಡುಗಿ. ಡ್ರಾಯಿಂಗ್ ಮೇಷ್ಟ್ರು ಪಟ್ಟಿ ಸಡಿಲಿಸಿದ.

ಮೋಡದ ಮೇಲೆ ಹೋದ ಮೇಲೆ, ಬೆವರಲ್ಲಿ ತೊಯ್ದ ಮೇಷ್ಟ್ರು ಟವೆಲಿಗಾಗಿ ಚೀಲ ತೆರೆದರು. ಟವೆಲಿರಲಿಲ್ಲ. ಅರ್ಧ ಬ್ರಷ್ಷು, ಕೆಮ್ಮು ಬರದಿದ್ದರೆ ಕುಡಿಯುವ ಔಷಧಿ, ಮತ್ತೆ, ಕಬ್ಬಿಣದ ಕಾಲಿನ ಭೂಗೋಳ! ಬೆಳಿಗ್ಗೆಯಿಂದ ಅದನ್ನು ತಮ್ಮ ಕೈಚೀಲದಲ್ಲೇ ಇಟ್ಟುಕೊಂಡಿದ್ದರು ಮಹಾರಾಯಿತಿ. ಜೊತೆಗೊಂದು ಚೀಟಿ: "ಬಟ್ಟೆ ಹೇಗೂ ಮೈಮೇಲಿದೆ. ಇದಿಲ್ಲದೆ ನಿಮಗೆ ಪಾಠ ಬರೋಲ್ಲ. ನಮ್ಮನೆ ಇರೋ ಕಡೆ ಶಾಯೀಲಿ ಚುಕ್ಕೆ ಇಟ್ಟಿದ್ದೀನಿ."

ಮೇಷ್ಟ್ರು ಚುಕ್ಕೆಯ ಮೇಲೆ ಬೆರಳಿಟ್ಟುಕೊಂಡು ಕಿಟಕಿಯಾಚೆ ನೋಡಿದರು. ಕೆಳಗೆ, ಹಲಗೆಯ ಮೇಲೆ ತಾವು ಬರೆಯುತ್ತಿದ್ದಂಥದೇ ಒಂದು ದ್ವೀಪ. ಯಾರೂ ಅಳಿಸದೇ ಇದ್ದದ್ದು. ಸಾಕಲ್ಲ ಎನ್ನಿಸಿತು, ಮನುಷ್ಯನಿಗೆ ಎರಡು ಕಿಲೋ ಧಾರಾಳ ಸಾಕು.

ಮರುದಿನ ಭಾವಮೈದನ ಫೋನು ಬಂತು. "ಭಾವ, ಬಿಟ್ಟುಹೋದ ಸಾಮಾನೆಲ್ಲ ಮುಂದಿನ ವಿಮಾನದಲ್ಲಿ ಕಳಿಸ್ತಿದ್ದೀನಿ. ಹತ್ತು ಕಿಲೋವರೆಗೆ ತಗೋತಾರಂತೆ. ತೂಗಿಸಿ ನೋಡಿದ್ರೆ ಐದೇ ಕಿಲೋ! ಇನ್ನೂ ಐದು ಕಿಲೋಗೆ ಜಾಗ ಇದೆ. ಸುತ್ತಿಗೆನೂ ಹಾಕ್ಲಾ?"

"ಎಲ್ಲಿ ತೂಗಿಸಿದ್ಯೋ?"

"ಇನ್ನೆಲ್ಲಿ? ಬೀದಿ ತುದೀಲಿ."

ಮೇಷ್ಟ್ರು ಬೈಯಲೆಂದು ಬಾಯಿ ತೆರೆದರು. ಅಷ್ಟರಲ್ಲಿ ಹಿಂದೆ ಧೊಪ್ಪೆಂದಿತು. ನಾಲ್ಕೂ ಅಂಗಿ ತೂಗುಹಾಕಿದ್ದ, ಕೋಣೆಯ ಒಂದೇ ಒಂದು ಮೊಳೆ ಕಿತ್ತುಬಂದಿತ್ತು.

"ಹಾಕು" ಎಂದರು ಮೇಷ್ಟ್ರು.