ಟವೆಲ್ ಕೆಳಗಿನ ಕ್ಲೌಡ್ ವ್ಯಾಪಾರ

ಔರಾದ ಬಸ್ ಸ್ಟ್ಯಾಂಡಿನ ಎದುರಿಗಿರುವ ಓಂಪ್ರಕಾಶನ ಫೋಟೊ ಸ್ಟುಡಿಯೊದಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಐದು ವರ್ಷದ ಮದುವೆಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು. ಅವತ್ತು ಬೆಳಿಗ್ಗೆ ಅದು ಎರಡು ಸಲ ತನ್ನಷ್ಟಕ್ಕೆ ತಾನೇ ಬಂದ್ ಆಯಿತು. ಎಕಂಬಾ ಊರಿನ ಕಾಂತಾಬಾಯಿ ತನ್ನ ಮಗಳು ಶೀತಲಳ ಮದುವೆ ಫೋಟೊ ಒಯ್ಯಲು ಸಂಜೆ ಬರುವವಳಿದ್ದಳು. ಆಕೆ ಬಾಯಿ ತೆಗೆದರೆ ಬಸ್ ಸ್ಟ್ಯಾಂಡಿನ ನಾಯಿಗಳೂ ಜಾಗ ಖಾಲಿ ಮಾಡುತ್ತಿದ್ದವು.

ಕೂಡಲೇ ಬೀದರಿನ ರತ್ನದೀಪನಿಗೆ ಫೋನ್ ಹೋಯಿತು. ಸಣ್ಣ ಅಂಗಡಿಗಳಿಗೆ ಕಡಿಮೆ ಖರ್ಚಿನಲ್ಲಿ ಸರ್ವರ್, ಕ್ಲೌಡ್ ಹೊಂದಿಸಿಕೊಡುವುದು ಅವನ ಉದ್ಯೋಗ. ಜೊತೆಗೆ ಹಳೆಯ ಕಂಪ್ಯೂಟರ್ ಕೊಳ್ಳುತ್ತಲೂ ಇದ್ದ. ಹತ್ತು ಗಂಟೆಯ ಬಸ್ಸಿಗೇ ಬಂದಿಳಿದ.

"ಸ್ವಂತ ಸರ್ವರ್ ಅಂದ್ರ ನಲವತ್ತು ಸಾವಿರ ರೀ. ಕ್ಲೌಡ್ ಆದ್ರ ತಿಂಗಳಿಗಿ ಆರುನೂರು. ಫೋಟೊ ಎಲ್ಲಾ ದೂರದ ದೊಡ್ಡ ಕಂಪ್ಯೂಟರಿನ್ಯಾಗ ಇರ್ತಾವ. ಈ ಡಬ್ಬಿ ಸುಟ್ಟು ಹೋದ್ರೂ ಚಿಂತಿಲ್ಲ."

ಓಂಪ್ರಕಾಶ ಕ್ಲೌಡಿಗೆ ಹೂಂ ಎನ್ನುವಷ್ಟರಲ್ಲಿ ಪಕ್ಕದ ಕಟ್ಟೆಯಿಂದ ಮನ್ಮಥಪ್ಪ ಎದ್ದು ಬಂದ. ದನದ ಸಂತೆಯಲ್ಲಿ ನಲವತ್ತು ವರ್ಷ ದಲಾಲಿ ಮಾಡಿದ ಮುದುಕ. ಓಣಿಯಲ್ಲಿ ಕೊತ್ತಂಬರಿ ಕೊಂಡರೂ ಅವನ ಮೂಗು ಅಲ್ಲಿರಲೇಬೇಕು.

"ಕೇಳಿದ ರೇಟಿಗಿ ಹೂಂ ಅಂದ್ರ ಔರಾದ ಮಾನ ಏನಾಗಬೇಕೋ? ನೀ ಬಾಜೂಕ ಸರಿ, ನಾ ಮಾತಾಡ್ತೇನಿ."

"ಕಾಕಾ, ಇದು ಎತ್ತಿನ ವ್ಯಾಪಾರ ಅಲ್ಲರಿ," ಎಂದ ಓಂಪ್ರಕಾಶ.

"ಎಲ್ಲಾ ವ್ಯಾಪಾರನೂ ಎತ್ತಿನ ವ್ಯಾಪಾರೇ!"

ಎದುರಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಚಾಂದಬೀ ಅಲ್ಲಿಂದಲೇ ಕೂಗಿದಳು: "ಕಾಕಾ ಮಾತಾಡ್ಲಿ ಬಿಡಪ್ಪ. ನಿನಗ ಮಾತಾಡಾಕ ಎಲ್ಲಿ ಬರ್ತದ?"

ಮನ್ಮಥಪ್ಪ ಹೆಗಲ ಮೇಲಿನ ಟವೆಲ್ ತೆಗೆದು ರತ್ನದೀಪನ ಕೈ ಮೇಲೆ ಹೊದಿಸಿದ. ಸಂತೆಯ ಪದ್ಧತಿಯೇ ಹಾಗೆ. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲ್ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಮಾಲು ಕೈ ಬದಲಾಗುವತನಕ ಮಾಲಿನ ಧಣಿಯೂ ಎಷ್ಟು ಎಂದು ಕೇಳುವಂತಿಲ್ಲ.

"ಅಯ್ಯಯ್ಯೋ, ಬೆರಳು ಯಾಕ ಮುರೀತೀರಿ!" ಎಂದು ರತ್ನದೀಪ ಚೀರಿದ. ಮನ್ಮಥಪ್ಪ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ರತ್ನದೀಪನ ಮುಖ ಅರಳಿತು. ಇಬ್ಬರೂ ಹತ್ತು ನಿಮಿಷ ಕೈ ಹಿಸುಕಿಕೊಂಡರು. ಓಂಪ್ರಕಾಶ ಉಗುರು ಕಚ್ಚುತ್ತ ನಿಂತಿದ್ದ.

"ಆಯ್ತು, ಮುಗೀತು!" ಮನ್ಮಥಪ್ಪ ಟವೆಲ್ ಝಾಡಿಸಿದ. ರತ್ನದೀಪ ಕಂಪ್ಯೂಟರಿನ ವೈರು ಕಿತ್ತು ಡಬ್ಬಿಯನ್ನು ಚೀಲಕ್ಕೆ ಹಾಕಿದ. ಬೀದರಿಗೆ ಒಯ್ದು ಫೋಟೊಗಳನ್ನೆಲ್ಲ ಕ್ಲೌಡಿಗೆ ಏರಿಸುತ್ತಾನೆ ಎಂದು ಓಂಪ್ರಕಾಶನಿಗೆ ಹಿಗ್ಗೋ ಹಿಗ್ಗು. ತಾನೇ ಚೀಲ ಹೊತ್ತು ಬಸ್ಸಿನಲ್ಲಿಟ್ಟ, ಲಗೇಜ್ ಟಿಕೆಟ್ಟನ್ನೂ ತೆಗೆಸಿದ. ಬಸ್ ಹೋದ ಮೇಲೆ ಓಡಿಬಂದು ಕೇಳಿದ:

"ಕಾಕಾ, ತಿಂಗಳಿಗಿ ಎಷ್ಟಕ್ಕ ಇಳಿಸಿದ್ರಿ?"

"ಇಳಸೂದ್ಯಾಕ? ಏರಿಸೀನಿ! ಸಾವಿರ ಅಂದವ್ನ ಮೂರು ಸಾವಿರಕ್ಕ ತಂದೀನಿ." ಮನ್ಮಥಪ್ಪ ಅಂಗಿ ಕಿಸೆಯಿಂದ ರತ್ನದೀಪ ಕೊಟ್ಟ ನೋಟು ತೆಗೆದು, ತನ್ನ ದಲಾಲಿ ಮುರಿದುಕೊಂಡು, ಉಳಿದದ್ದನ್ನು ಅವನ ಕೈಯಲ್ಲಿಟ್ಟ. "ಎರಡು ಸಲ ಬಂದ್ ಬಿದ್ದ ಡಬ್ಬಿಗಿ ಈ ರೇಟ್ ಯಾರು ಕೊಡ್ತಾರ?"

ಓಂಪ್ರಕಾಶ ಖಾಲಿ ಮೇಜಿನ ಕಡೆ ನೋಡಿದ. "ಡಬ್ಬಿ ಮಾರಿದ್ರೇನ್ರಿ? ಮತ್ತ ಕ್ಲೌಡು?"

"ಅದೇನೋ ನನಗ ಗೊತ್ತಿಲ್ಲಪ್ಪ."

ಓಂಪ್ರಕಾಶ ರತ್ನದೀಪನಿಗೆ ಫೋನ್ ಹಚ್ಚಿದ. "ಫೋಟೊ ಅದ್ರಾಗೇ ಅವ್ರಿ! ಡಬ್ಬಿ ವಾಪಸ್ ಕೊಡ್ರಿ!"

"ಕೊಡ್ತೇನಿ ರೀ," ಎಂದ ರತ್ನದೀಪ ಬಸ್ಸಿನ ಗದ್ದಲದಲ್ಲಿ. "ಆದ್ರ ಈಗ ಅದು ನಂದು. ಬೀದರಿಗಿ ಬರ್ರಿ, ರೇಟ್ ಮಾತಾಡೂಣು."

ಓಂಪ್ರಕಾಶ ಮನ್ಮಥಪ್ಪನ ಎರಡೂ ಕೈ ಹಿಡಿದುಕೊಂಡ. "ಕಾಕಾ, ಕಾಂತಾಬಾಯಿ ನನ್ನ ಜೀವಂತ ಬಿಡೂದಿಲ್ಲರಿ. ನೀವೇ ನಡೀರಿ, ನನ್ನ ಕಡಿಯಿಂದ ಕಡಿಮಿ ಮಾಡಸ್ರಿ!"

"ಬರ್ತೇನಿ, ಬರ್ತೇನಿ," ಮನ್ಮಥಪ್ಪ ಟವೆಲ್ ಹೆಗಲಿಗೇರಿಸಿದ. "ಆದ್ರ ನಿನ್ನ ಕಡಿಯಿಂದ ಹ್ಯಾಂಗ ಆಗ್ತದೋ? ನಲವತ್ತು ವರ್ಷ ನಾ ಮಾರಾವ್ರ ಕಡಿ ದಲಾಲ. ಈಗ ಮಾರಾಂವ ರತ್ನದೀಪ."