ಹಲೋ ಪುತ್ತೂರ್, ಮೈಸೂರು ಬೇಕಿತ್ತು

ಪ್ರತಿಯೊಬ್ಬನಿಗೂ ಎರಡು ಊರುಗಳಿರುತ್ತವೆ ಎಂದು ನನ್ನ ಅಂದಾಜು. ಒಂದು, ರೇಷನ್ ಕಾರ್ಡಿನಲ್ಲಿರುವ ಊರು. ಇನ್ನೊಂದು, ಎಂದಾದರೊಂದು ದಿನ ಹೋಗಿ ಇರುತ್ತೇನೆಂದು ಮನಸ್ಸಿನಲ್ಲೇ ಬಾಡಿಗೆಗೆ ಹಿಡಿದಿಟ್ಟ ಊರು. ಮೊದಲನೆಯದರಲ್ಲಿ ಸೊಳ್ಳೆ, ಕೆಸರು, ನೆಂಟರಿಷ್ಟರು ಎಲ್ಲ ಇರುತ್ತಾರೆ. ಎರಡನೆಯದರಲ್ಲಿ ಇವರು ಯಾರೂ ಇರುವುದಿಲ್ಲವಾದ್ದರಿಂದ ಅದು ಬಹಳ ಚೆಂದ. ನನ್ನ ಮೊದಲನೆಯ ಊರು ಪುತ್ತೂರು, ಎರಡನೆಯದು ಮೈಸೂರು. ಮೈಸೂರನ್ನು ನಾನು ಕಣ್ಣಿನಿಂದ ನೋಡಿದ್ದಕ್ಕಿಂತ ಕಿವಿಯಿಂದ ಕೇಳಿದ್ದೇ ಹೆಚ್ಚು. ಯಾಕೆಂದರೆ ನಾನು ಪುತ್ತೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಅಡಿಕೆ ವ್ಯಾಪಾರಿಗಳು, ಡಾಕ್ಟರರು, ಹೆಣ್ಣು ಕೊಟ್ಟವರು, ತಂದವರು ಎಲ್ಲರೂ ದೂರದ ಊರುಗಳಿಗೆ ಟ್ರಂಕ್ ಕಾಲ್ ಬುಕ್ ಮಾಡಿ ನನ್ನನ್ನು ಬೈಯುತ್ತಾ ಕಾಯುತ್ತಾರೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಉಂಟು. ಆಪರೇಟರುಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ, ಊರಿನ ಹೆಸರಿನಿಂದಲೇ ಕರೆಯುತ್ತಾರೆ. ‘ಮಂಗಳೂರಿಗೆ ಇವತ್ತು ಶೀತ’, ‘ಮಡಿಕೇರಿ ರಜೆಯಲ್ಲಿದ್ದಾನೆ’, ‘ಹಾಸನಕ್ಕೆ ಹೆಣ್ಣುಮಗು ಆಯಿತಂತೆ’ ಎಂದೆಲ್ಲ ನಾವು ಗಂಭೀರವಾಗಿ ಮಾತಾಡಿಕೊಳ್ಳುತ್ತೇವೆ. ಹಾಗಾಗಿ ಬೆಳಗ್ಗಿನಿಂದ ಸಂಜೆಯವರೆಗೆ ನಾನು ಪುತ್ತೂರು. ಸಂಜೆ ಮನೆಗೆ ಹೋದವನೇ ಪುತ್ತೂರನ್ನು ಬೈಯಲು ಶುರುಮಾಡುತ್ತೇನೆ. ಇದೂ ಒಂದು ಊರಾ? ಸೈಕಲ್ ತೆಗೆದುಕೊಂಡರೆ ಅದು ನಮ್ಮನ್ನು ಹೊರುವುದಕ್ಕಿಂತ ನಾವು ಅದನ್ನು ಗುಡ್ಡ ಹತ್ತಿಸುವುದೇ ಜಾಸ್ತಿ. ಮೈಸೂರಾದರೆ ಸಮತಟ್ಟಾದ ರಸ್ತೆ, ಎರಡೂ ಬದಿಗೆ ಸಾಲುಮರ. ಕೊಡೆ ಎಂಬ ವಸ್ತುವನ್ನು ಮನೆಯಲ್ಲೇ ಮರೆತು ಸಂಜೆ ಕೈಬೀಸಿಕೊಂಡು ನಡೆಯಬಹುದು. ಪುತ್ತೂರಿನದೇ ದರ್ಬೆಯ ನಮ್ಮ ಬಾಡಿಗೆ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ನಾನು ಈ ಪ್ರಸಂಗವನ್ನು ಹೊಸದೆಂಬಂತೆ ಹೇಳುತ್ತಿದ್ದೆ. ನನ್ನ ಹೆಂಡತಿ ಕುಸುಮ ಸಾರು ಬಡಿಸುತ್ತಾ ಕೇಳುತ್ತಿದ್ದಳು. ಅವಳು ಜಾಲ್ಸೂರಿನ ಕಡೆಯವಳು, ಮಾತು ಅರೆಭಾಷೆ. ನಾನು ಹುಟ್ಟಿದ್ದು ಹತ್ತಿರದ ಕೊಯಿಲದಲ್ಲಿ, ಮಾತು ತುಳು. ಜಗಳವಾಡುವಾಗ ಮಾತ್ರ ಯಾರಿಗೂ ಅನ್ಯಾಯ ಆಗಬಾರದೆಂದು ಇಬ್ಬರೂ ಕನ್ನಡಕ್ಕೆ ಬರುತ್ತೇವೆ.

ಮೈಸೂರಿಗೆ ಹೋಗುವವನಿಗೆ ಅಲ್ಲಿನ ಮಾತು ಬೇಡವೇ? ನಾನು ‘ಎಂತ’ ಬಿಟ್ಟು ‘ಏನು’ ಹಿಡಿದೆ, ‘ಉಂಟು’ ಬಿಟ್ಟು ‘ಇದೆ’ ಹಿಡಿದೆ. ಒಂದು ಭಾನುವಾರ ಮೀನು ಮಾರ್ಕೆಟ್ಟಿಗೆ ಹೋಗಿ, ವರ್ಷಗಳಿಂದ ತುಳುವಿನಲ್ಲೇ ಮಾತಾಡಿಸುತ್ತಿದ್ದ ಗಿರಿಜಕ್ಕನಲ್ಲಿ, ‘ಏನಮ್ಮಾ, ಬಂಗುಡೆ ಚೆನ್ನಾಗಿದೆಯಾ?’ ಎಂದು ಕೇಳಿಬಿಟ್ಟೆ. ಅವಳು ಮೀನು ಕತ್ತರಿಸುತ್ತಾ ತಲೆ ಎತ್ತದೆಯೇ, ಬಹಳ ಚೆನ್ನಾಗಿದೆ ಸ್ವಾಮಿ ಎಂದು ಕಟ್ಟಿಕೊಟ್ಟಳು. ಮನೆಗೆ ತಂದು ಬಿಡಿಸಿದರೆ ಬೆಕ್ಕು ಕೂಡ ಮೂಸಿ ನೋಡಿ ಹೋಯಿತು. ಮರುವಾರ ಹೋಗಿ ಕೇಳಿದ್ದಕ್ಕೆ ಗಿರಿಜಕ್ಕ, ನೀವೆಂದು ಗೊತ್ತಾಗಲಿಲ್ಲ, ಯಾರೋ ಘಟ್ಟದವರು, ಮೀನಿನ ಪರಿಚಯ ಇಲ್ಲದವರು ಎಂದುಕೊಂಡೆ ಎಂದಳು. ಅವಳಿಗೆ ಘಟ್ಟ ಹತ್ತಿದ ಮೇಲೆ ಸಿಗುವ ಊರುಗಳೆಲ್ಲ ಒಂದೇ. ನನಗೆ ಮೀನು ಹಾಳಾದ ಬೇಸರಕ್ಕಿಂತ, ಘಟ್ಟದವನ ಹಾಗೆ ಕೇಳಿಸಿದೆನಲ್ಲ ಎಂಬ ಹೆಮ್ಮೆಯೇ ಹೆಚ್ಚಾಯಿತು.

ಇಷ್ಟರಲ್ಲಿ ಮೈಸೂರು ಒಂದು ದಿನ ತಾನಾಗಿ ಬಾಯಿಬಿಟ್ಟಿತು. ಮೈಸೂರು ಎಂದರೆ ಅಲ್ಲಿನ ಆಪರೇಟರು. ಮುಖ ನೋಡಿದವನಲ್ಲ, ಆದರೆ ಅವನ ಕೆಮ್ಮಿನಿಂದಲೇ ಹವಾಮಾನ ಹೇಳುವಷ್ಟು ಪರಿಚಯ. ಲೈನಿನಲ್ಲಿ ನಮ್ಮ ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಕೇಳಿ ಕೇಳಿ ಅವನಿಗೆ ಪುತ್ತೂರಿನ ಆಸೆ ಹುಟ್ಟಿತ್ತಂತೆ. ನೀವು ಇಲ್ಲಿಗೆ ಬನ್ನಿ, ನಾನು ಅಲ್ಲಿಗೆ ಬರುತ್ತೇನೆ, ಮ್ಯೂಚುವಲ್ ಟ್ರಾನ್ಸ್‌ಫರ್ ಕೇಳೋಣ, ಒಬ್ಬರ ಜಾಗಕ್ಕೆ ಒಬ್ಬರು ಬರುವುದಾದರೆ ಇಲಾಖೆಯೂ ಬೇಡ ಎನ್ನುವುದಿಲ್ಲ ಎಂದ. ನನ್ನ ಎದೆ ಹಾರಿತು. ಆದರೆ ಪುಣ್ಯಾತ್ಮ ಸುಮ್ಮನೆ ಒಪ್ಪುವವನಲ್ಲ, ದಿನಾ ಲೈನು ಖಾಲಿ ಇದ್ದಾಗಲೆಲ್ಲ ಕೇಳಿದ್ದೇ ಕೇಳಿದ್ದು: ನಿಮ್ಮೂರು ಹೇಗೆ, ನೀರು ಹೇಗೆ, ಜನ ಹೇಗೆ? ನಾನೂ ದಲ್ಲಾಳಿಯ ಹಾಗೆ ಶುರುಮಾಡಿದೆ. ಅಂಗಳದಲ್ಲೇ ಬಾವಿ, ಬೇಸಗೆಯಲ್ಲೂ ನೀರು ತಣ್ಣಗೆ ಎಂದೆ. ಹಲಸಿನ ಹಣ್ಣನ್ನು ಇಲ್ಲಿ ಯಾರೂ ದುಡ್ಡು ಕೊಟ್ಟು ತರುವುದಿಲ್ಲ, ಪಕ್ಕದ ಮನೆಯವರು ತಂದಿಟ್ಟು ಹೋಗುತ್ತಾರೆ ಎಂದೆ. ಸಂಜೆ ಪೇಟೆಗೆ ಹೊರಟರೆ ಹತ್ತು ಜನ ಮಾತಾಡಿಸುತ್ತಾರೆ, ಒಬ್ಬನೂ ಕೈಹಿಡಿದು ನಿಲ್ಲಿಸುವುದಿಲ್ಲ ಎಂದೆ. ಗುಡ್ಡಗಳ ವಿಚಾರ ಬಂದಾಗ, ಆರೋಗ್ಯಕ್ಕೆ ಬಹಳ ಒಳ್ಳೆಯದು ಎಂದುಬಿಟ್ಟೆ.

ಅವನು ಒಪ್ಪಿದ ದಿನ ಸಂಜೆ ನಾನು ಊಟಕ್ಕೆ ಕೂತು, ಮೈಸೂರಿನವನಿಗೆ ಹೇಗೆ ಟೋಪಿ ಹಾಕಿದೆ ಎಂಬುದನ್ನು ಕುಸುಮನಿಗೆ ಒಂದೊಂದಾಗಿ ಬಣ್ಣಿಸಿದೆ. ಬಾವಿ, ಹಲಸು, ಪೇಟೆ, ಒಂದನ್ನೂ ಬಿಡಲಿಲ್ಲ. ನಾನೊಬ್ಬನೇ ನಗುತ್ತಿದ್ದೆ. ಕುಸುಮ ಸೌಟನ್ನು ಪಾತ್ರೆಯಲ್ಲಿಟ್ಟು ಕೂತಳು.

“ಅದರಲ್ಲಿ ಸುಳ್ಳು ಎಂತ ಉಂಟು?” ಎಂದಳು. ಕನ್ನಡಕ್ಕೆ ಬಂದಿದ್ದಳು.

ನಾನು ಯೋಚಿಸಿ ನೋಡಿದೆ. ಸುಳ್ಳೆಂದು ತೋರಿಸಲು ಒಂದೂ ಸಿಗಲಿಲ್ಲ.

ಮತ್ತೆ ಅವಳು ಹೇಳಿದ್ದನ್ನು ನಾನು ಅಷ್ಟು ವರ್ಷ ಕೇಳಿಯೇ ಇರಲಿಲ್ಲ. ಅವಳ ತವರು ಮನೆ ಇದ್ದದ್ದು ರಸ್ತೆಯಿಂದ ಬಹಳ ಒಳಗೆ. ಹುಡುಗಿಯಾಗಿದ್ದಾಗ ತಿರುವಿನ ಬಳಿ ನಿಂತು, ಪುತ್ತೂರು ಎಂದು ಬೋರ್ಡು ಹಾಕಿಕೊಂಡು ಹೋಗುವ ಬಸ್ಸುಗಳನ್ನು ನೋಡುತ್ತಿದ್ದಳಂತೆ. ಊರಲ್ಲಿ ಒಂದು ರೀಲು ನೂಲಿಗೆ ಹೊರಟರೂ ಎಲ್ಲಿಗೆ, ಯಾಕೆ, ಯಾರ ಜತೆ ಎಂದು ದಾರಿಯುದ್ದಕ್ಕೂ ಉತ್ತರ ಕೊಡಬೇಕು. ಇಲ್ಲಿ ದರ್ಬೆಯಿಂದ ಪೇಟೆಗೆ ಒಬ್ಬಳೇ ನಡೆದು ಹೋಗಿ, ಬೇಕಾದ ಬಣ್ಣದ ನೂಲು ಆರಿಸಿ, ಒಬ್ಬಳೇ ಬರುತ್ತಾಳೆ. ಮೊದಲ ಸಲ ಹಾಗೆ ಹೋಗಿ ಬಂದ ದಿನ ಬಾಗಿಲು ಹಾಕಿಕೊಂಡು ಸಂತೋಷಕ್ಕೆ ಅತ್ತಿದ್ದಳಂತೆ. ನಾನು ಆಗ ಎಕ್ಸ್‌ಚೇಂಜಿನಲ್ಲಿ ಕೂತು ಮೈಸೂರಿನ ಕನಸು ಕಾಣುತ್ತಿದ್ದಿರಬೇಕು.

“ನನಗೆ ಬೇರೆ ಸಂಬಂಧವೂ ಬಂದಿತ್ತು. ತೋಟ ಇದ್ದವರದ್ದು,” ಎಂದಳು. “ಹುಡುಗ ಪುತ್ತೂರಲ್ಲಿ ಇರುದು ಅಂತ ಹೇಳಿದ್ದಕ್ಕೆ ನಿಮ್ಮನ್ನು ಒಪ್ಪಿದ್ದು. ನಿಮ್ಮನ್ನು ನೋಡಿ ಅಲ್ಲ. ನೀವು ದಿನಾ ಊಟಕ್ಕೆ ಕೂತು ಬೈಯುದು ನನ್ನ ಊರನ್ನು.”

ನನಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು. ಒಂದು ಮನೆಯಲ್ಲಿ ಒಬ್ಬರು ಕನಸಿನ ಊರಿಗೆ ಬಂದು ಮುಟ್ಟಿ ಸುಖವಾಗಿದ್ದಾರೆ, ಇನ್ನೊಬ್ಬ ಎದುರಿಗೇ ಕೂತು ಅದಕ್ಕೆ ಕಲ್ಲು ಹೊಡೆಯುತ್ತಿದ್ದಾನೆ. ನಾನು ಮೈಸೂರು ಸೇರಬೇಕಾದರೆ ಅವಳು ಪುತ್ತೂರನ್ನು ಕಳೆದುಕೊಳ್ಳಬೇಕು, ಇಷ್ಟೇ ಲೆಕ್ಕ.

ಮರುದಿನ ಲೈನಿನಲ್ಲಿ ಮೈಸೂರು ಸಿಕ್ಕಿದೊಡನೆ, ನನಗೆ ಬರಲಿಕ್ಕೆ ಆಗುವುದಿಲ್ಲ ಎಂದೆ. ಅವತ್ತು ಅವನಿಗೆ ಕೇಳಿಸಲು ನಮ್ಮ ಹಂಚಿನ ಮೇಲೆ ಮಳೆಯೂ ಇರಲಿಲ್ಲ.

“ಹಾಗಾದ್ರೆ ನೀವು ಹೇಳಿದ್ದೆಲ್ಲ ಸುಳ್ಳಾ, ಪುತ್ತೂರ್?” ಎಂದ.

“ಅಲ್ಲ ಮಾರಾಯ್ರೆ, ಎಲ್ಲ ಸತ್ಯ. ಅದೇ ತೊಂದರೆ ಆದದ್ದು,” ಎಂದೆ.

ಅವನು ಕೆಲವು ವಾರ ನನ್ನೊಂದಿಗೆ ಕೆಲಸಕ್ಕಿಂತ ಹೆಚ್ಚು ಮಾತಾಡಲಿಲ್ಲ. ಒಳ್ಳೆಯ ಊರನ್ನು ತಾನೊಬ್ಬನೇ ಇಟ್ಟುಕೊಂಡ ಸ್ವಾರ್ಥಿ ಎಂದುಕೊಂಡಿರಬೇಕು. ಕುಸುಮನಲ್ಲಿ ಹೇಳಿದಾಗ ಅವಳು ನೂಲು ತರಲಿಕ್ಕುಂಟು ಎಂದು ಪೇಟೆಗೆ ಹೊರಟಳು, ಅಷ್ಟೇ. ಈಗ ನಾನು ಊರನ್ನು ಬೈಯುವುದು ಬಿಟ್ಟಿದ್ದೇನೆ, ಸೈಕಲನ್ನು ಗುಡ್ಡದ ಮೇಲೆ ತುಟಿಪಿಟಕ್ಕೆನ್ನದೆ ತಳ್ಳುತ್ತೇನೆ. ಮನಸ್ಸಿನಲ್ಲಿ ಒಂದೇ ಹೆದರಿಕೆ. ನಾಳೆ ಇಲಾಖೆಯವರು ತಾವಾಗಿಯೇ ನನ್ನನ್ನು ಬೇರೆ ಊರಿಗೆ ಎತ್ತಿಹಾಕಿದರೆ ಕುಸುಮ ನನ್ನ ಜೊತೆ ಬರುತ್ತಾಳೋ, ಪುತ್ತೂರಿನ ಜೊತೆ ಇರುತ್ತಾಳೋ? ಕೇಳಿ ನೋಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ.